ಮುದಿ ಅಲೆ ಮತ್ತು ಆಂಟೆನಾ

ಮರುಭೂಮಿಯ ಆಂಟೆನಾ ವರ್ಷಗಟ್ಟಲೆ ಕಾದದ್ದು ಒಂದೇ ಒಂದು ರೇಡಿಯೋ ಅಲೆಗಾಗಿ. ನಕ್ಷತ್ರಗಳು ಹುಟ್ಟುವ ಮೊದಲೇ ಜಲಜನಕದ ಮನೆ ಬಿಟ್ಟು ಹೊರಟ ಆ ಅಲೆ ಕೊನೆಗೂ ಬಂದಾಗ ಅದರ ದನಿ ತೀರ ಕ್ಷೀಣಿಸಿತ್ತು.

"ಅಜ್ಜಿ, ಯಾರ ಕಣ್ಣಿಗೂ ಬೀಳದ ಕಪ್ಪು ದ್ರವ್ಯ ಎಂಬವಳ ಜೊತೆ ಬೆಳೆದವರು ನೀವು. ಅವಳ ಮುಖ ಹೇಗಿತ್ತು?" ಎಂದು ಆಂಟೆನಾ ಕೇಳಿತು.

"ಮುಖ ನಾನೂ ಕಾಣಲಿಲ್ಲ, ಮಗು. ಚೆದುರಿಹೋಗುತ್ತಿದ್ದ ನಮ್ಮನ್ನೆಲ್ಲ ಅವಳು ಹತ್ತಿರ ಸೆಳೆದುಕೊಂಡ ಬಗೆ ಹೇಳುತ್ತೇನೆ, ಕೇಳು."

"ಅದಿರಲಿ ಅಜ್ಜಿ, ಬಣ್ಣವಾದರೂ ಹೇಳಿ!"

ಅಲೆ ಮತ್ತೆ ಬಾಯಿ ತೆರೆಯಿತು, ಆಂಟೆನಾ ಮತ್ತೆ ಬಣ್ಣವನ್ನೇ ಕೇಳಿತು. ಅಷ್ಟರಲ್ಲಿ ಅಲೆ ಆರಿಹೋಯಿತು.

ಆಮೇಲೆ ಎಷ್ಟೋ ಅಲೆಗಳು ಬಂದವು. ಆಂಟೆನಾ ತುಟಿಪಿಟಕ್ಕೆನ್ನದೆ ಪ್ರತಿಯೊಂದರ ಮಾತನ್ನೂ ಕೊನೆಯವರೆಗೆ ಕೇಳಿಸಿಕೊಂಡಿತು. ಅವೆಲ್ಲ ಪಕ್ಕದೂರಿನ ಹಾಡು, ಜಾಹೀರಾತುಗಳಾಗಿದ್ದವು.