ಅಚ್ಚು ಹಾಕಿದವರ ಸ್ವತ್ತು

ಸಂಶೋಧನಾ ಪತ್ರಿಕೆಯ ಪ್ರಕಾಶಕರು ಕೃಷಿ ಕಾಲೇಜಿಗೆ ಅತಿಥಿಯಾಗಿ ಬಂದವರೇ ಯಮುನಾ ಮೇಡಂ ಮೇಲೆ ಹರಿಹಾಯ್ದರು. ಮೇಡಂ ಆ ಪತ್ರಿಕೆಯಲ್ಲಿ ಅಚ್ಚಾದ ತಮ್ಮದೇ ಲೇಖನವನ್ನು ವಿದ್ಯಾರ್ಥಿಗಳಿಗೆ ಹಂಚಿದ್ದರಂತೆ.

"ಅಚ್ಚು ಹಾಕಿದ ಮೇಲೆ ಅದು ನಮ್ಮ ಸ್ವತ್ತು. ಇನ್ನೊಮ್ಮೆ ಹಂಚಿದರೆ ಕೋರ್ಟಿಗೆ ಎಳೀತೀನಿ!"

ಅಲ್ಲೇ ಇದ್ದ ಟೈಪಿಸ್ಟ್ ತುಂಗಮ್ಮನಿಗೆ ಮೈ ಉರಿಯಿತು. ಅತಿಥಿಗಳ ಭಾಷಣ ಟೈಪು ಮಾಡುವವಳು ಅವಳೇ. ಈ ಮಹಾಶಯರ 'ಜ್ಞಾನ ಎಲ್ಲರದು' ಭಾಷಣವೂ ಅವಳ ಕೈಯಲ್ಲೇ ಇತ್ತು.

ಸಭೆ ತುಂಬಿತು. ಪ್ರಕಾಶಕರು ಕೈಚಾಚಿದರು. "ಎಲ್ಲಮ್ಮಾ ನನ್ನ ಭಾಷಣ?"

"ಅಚ್ಚು ಹಾಕಿದ್ದು ನಾನು ಸಾರ್, ಈಗದು ನನ್ನ ಸ್ವತ್ತು. ಮೇಡಂ ಲೇಖನ ಎಲ್ಲರಿಗೂ ಮುಕ್ತ ಅಂತ ಮೈಕಲ್ಲಿ ಹೇಳಿ, ಕೊಡ್ತೀನಿ."

"ನನ್ನ ತಲೆ ಓಡಿಸಿ ಬರೆದದ್ದಮ್ಮಾ ಅದು!"

"ಮೇಡಂ ಮತ್ತೆ ಯಾರ ತಲೆ ಓಡಿಸಿ ಬರೆದ್ರು ಸಾರ್? ನಿಮ್ಮದಾ?"

ಮಹಾಶಯರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮೈಕಿನತ್ತ ನಡೆದರು.