ಸಾಣೆಗೆ ಹೋದ ವಜ್ರ

"ಗುರುಗಳೇ, ಒಬ್ಬ ಮನುಷ್ಯನನ್ನು ತಿದ್ದುವುದು ಹೇಗೆ?" ಎಂದು ಅಡವೀಶ ಕೇಳಿದ. ಮಠದ ಆಡಳಿತ ಅವನ ಕೈಗೆ ಬಂದು ಒಂದು ತಿಂಗಳಾಗಿತ್ತು. "ಅಡುಗೆಯ ಮಹಾಂತಯ್ಯ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. ಎಲ್ಲರೂ ಎದ್ದ ಮೇಲೆ ಒಬ್ಬನೇ ಉಣ್ಣುತ್ತಾನೆ. ಎಷ್ಟು ಹೇಳಿದರೂ ಕೇಳುವುದಿಲ್ಲ. ಇನ್ನೊಮ್ಮೆ ಹೇಳಿ ನೋಡುತ್ತೇನೆ, ಇಲ್ಲವಾದರೆ ಮಠದಿಂದ ಕಳಿಸಿಬಿಡಬೇಕೆಂದಿದ್ದೇನೆ."

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವವನೊಬ್ಬನಿದ್ದ. ಮೂವತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಕಲ್ಲೂ ಒಡೆದಿರಲಿಲ್ಲ. ಇದು ಊರಿಗೆ ಗೊತ್ತಿತ್ತು. ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಒಬ್ಬ ಬಟ್ಟೆ ವರ್ತಕ ಅವನ ಬಳಿಗೆ ಉಂಗುರವೊಂದನ್ನು ತಂದ. ವರ್ತಕನಿಗೆ ಮದುವೆ ಗೊತ್ತಾಗಿತ್ತು. ನಿಶ್ಚಿತಾರ್ಥದ ದಿನ ಅತ್ತೆ ತನ್ನ ಬೆರಳಿನ ಉಂಗುರ ತೆಗೆದು ಸೊಸೆಗೆ ತೊಡಿಸುವುದು ಅವರ ಮನೆಯ ಪದ್ಧತಿ. ನಾಲ್ಕು ತಲೆಮಾರಿನಿಂದ ಆ ಉಂಗುರ ಹಾಗೆಯೇ ಬಂದಿತ್ತು. ಚಿನ್ನಕ್ಕೆ ಮೆರುಗು ಹಾಕಿಸಿ ತರುತ್ತೇನೆಂದಷ್ಟೇ ತಾಯಿಗೆ ಹೇಳಿ ಅವನು ಅದನ್ನು ತಂದಿದ್ದ.

ಅದರಲ್ಲಿದ್ದದ್ದು ಹಳೆಯ ಕಾಲದ ವಜ್ರ, ಯಂತ್ರವಿಲ್ಲದೆ ಕಣ್ಣಳತೆಯಲ್ಲಿ ಕೊರೆದದ್ದು. ಈಗಿನ ವಜ್ರಗಳ ಹಾಗೆ ಅದು ಥಳಥಳಿಸುತ್ತಿರಲಿಲ್ಲ. ಒಳಗೆಲ್ಲೋ ಕೆಂಡವಿದ್ದಂತೆ ಮೆಲ್ಲಗೆ ಬೆಳಗುತ್ತಿತ್ತು. ಅದರ ಒಂದು ಮಗ್ಗುಲು ಓರೆಯಾಗಿತ್ತು.

"ಬೀಗರ ಮುಂದೆ ಇದನ್ನು ಹೇಗೆ ತೋರಿಸಲಿ? ಹೊಸ ಮಾದರಿಯಲ್ಲಿ ಕೊರೆದುಕೊಡಿ" ಎಂದ ವರ್ತಕ.

"ಕಲ್ಲು ಸವೆದು ಸಣ್ಣದಾಗುತ್ತದೆ, ಯಜಮಾನರೇ."

"ಆಗಲಿ. ಹೊಳೆದರೆ ಸಾಕು."

ಸಾಣೆಗಾರ ವಜ್ರವನ್ನು ಉಂಗುರದಿಂದ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದ. ಓರೆಯನ್ನು ಕಂಡು ಅವನಿಗೆ ನಗು ಬಂತು. ಇದನ್ನು ಕೊರೆದ ಹಳಬನ ಕೈ ಅಲ್ಲಿ ಜಾರಿರಬೇಕು, ಇಲ್ಲವೇ ಅವನಿಗೆ ಬೇಸರ ಬಂದಿರಬೇಕು ಎಂದುಕೊಂಡ. ಮೊದಲು ಅದನ್ನೇ ಸರಿಮಾಡೋಣವೆಂದು ಆ ಮಗ್ಗುಲನ್ನು ಸಾಣೆಚಕ್ರಕ್ಕೆ ಒಡ್ಡಿದ.

ಎರಡನೆಯ ದಿನ ಚಕ್ರದ ಸದ್ದು ಬದಲಾಯಿತು. ಎತ್ತಿ ನೋಡಿದರೆ ಆ ಮಗ್ಗುಲಿನಿಂದ ಕಲ್ಲಿನ ನಡುವಿನವರೆಗೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಆಗ ಅವನಿಗೆ ಅರ್ಥವಾಯಿತು. ಹಳಬನ ಕೈ ಜಾರಿರಲಿಲ್ಲ. ಕಲ್ಲಿನೊಳಗೆ ಹುಟ್ಟಿನಿಂದಲೇ ಒಂದು ಸಣ್ಣ ಸೀಳಿತ್ತು. ಹಳಬ ಅದನ್ನು ಕಂಡಿದ್ದ, ಕಂಡೇ ಅಲ್ಲಿ ಕೈ ತಡೆದಿದ್ದ. ಓರೆಯೇ ಇಷ್ಟು ಕಾಲ ಕಲ್ಲನ್ನು ಕಾಪಾಡಿತ್ತು.

ಬಿರುಕಿನ ಮೇಲೆ ಚಿನ್ನ ಮುಚ್ಚಿ ಕೊಟ್ಟರೆ ಯಾರಿಗೂ ತಿಳಿಯದು ಎಂಬ ಯೋಚನೆ ಸಾಣೆಗಾರನಿಗೆ ಬಂತು. ಆದರೆ ಹಾಗೆ ಮಾಡದೆ ಎದ್ದ. ವಜ್ರವನ್ನೂ ಉಂಗುರವನ್ನೂ ಹಿಡಿದುಕೊಂಡು ವರ್ತಕನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

ವರ್ತಕ ಕೂಗಾಡಿದ. ಒಳಗಿನಿಂದ ಅವನ ತಾಯಿ ಬಂದು ವಜ್ರವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಆ ಕಡೆ ಒಳಗೆ ಪೆಟ್ಟಿದೆ, ಏನೂ ತಾಗಿಸಬೇಡ ಎಂದು ನಮ್ಮತ್ತೆ ಉಂಗುರ ತೊಡಿಸುವಾಗಲೇ ಹೇಳಿದ್ದರು" ಎಂದಳು. "ಹಿಟ್ಟು ಕಲಸುವಾಗ, ಪಾತ್ರೆ ತೊಳೆಯುವಾಗ, ನಲವತ್ತು ವರ್ಷ ಕಾಪಾಡಿಕೊಂಡು ಬಂದೆ. ನೀವಿಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲಪ್ಪ."



ವರ್ತಕ ಓಡಾಡಿ ಹೊಸ ಉಂಗುರ ತಂದ. ಸುದ್ದಿ ಹುಡುಗಿಯ ಮನೆಗೂ ಮುಟ್ಟಿತ್ತು. ನಿಶ್ಚಿತಾರ್ಥದ ದಿನ ಅವಳು ಹೊಸದನ್ನು ಪಕ್ಕಕ್ಕಿಟ್ಟು, "ಅತ್ತೆ, ನನಗೆ ನಿಮ್ಮದೇ ಇರಲಿ. ಹೇಗೆ ಜೋಪಾನ ಮಾಡಬೇಕೆಂದು ಹೇಳಿಕೊಡಿ" ಎಂದಳು. ಆ ಮಾತಿಗೆ ಅತ್ತೆಯ ಕಣ್ಣು ತುಂಬಿತು. ಸಾಣೆಗಾರನೇ ಬಿರುಕು ಮುಂದೆ ಹೋಗದಂತೆ ಸುತ್ತ ಚಿನ್ನದ ಪಟ್ಟಿ ಕಟ್ಟಿ, ಬಿಡಿಸಿದ ಕಲ್ಲನ್ನು ಮತ್ತೆ ಕೂರಿಸಿಕೊಟ್ಟ. ವಜ್ರ ಉಳಿಯಿತು. ಅದರ ಒಳಗಿನ ಬೆಳಕು ಮಾತ್ರ ಮೊದಲಿನಂತಿರಲಿಲ್ಲ.

ಅಂದಿನಿಂದ ಯಾರೇ ಹಳೆಯ ಕಲ್ಲು ತಂದರೂ ಅವನು ನೇರವಾಗಿ ಚಕ್ರದ ಬಳಿ ಹೋಗುತ್ತಿರಲಿಲ್ಲ. ಇದನ್ನು ತೊಟ್ಟವರು ಯಾರು ಎಂದು ವಿಚಾರಿಸಿ, ಮೊದಲು ಅವರ ಮನೆಗೆ ನಡೆದು ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ಯೋಚಿಸಿ, "ಹಾಗಾದರೆ ತಪ್ಪು ವರ್ತಕನದೋ ಸಾಣೆಗಾರನದೋ?" ಎಂದು ಕೇಳಿದ.

"ನನ್ನನ್ನು ಇಷ್ಟೆಲ್ಲ ಕೇಳುತ್ತೀಯಲ್ಲ, ಮಹಾಂತಯ್ಯನನ್ನು ಕೇಳಿದೆಯಾ?" ಎಂದರು ಗುರುಗಳು.

ಅಡವೀಶ ಎದ್ದು ಅಡುಗೆಮನೆಯ ಕಡೆಗೆ ನಡೆದ.