ಹಾಲವ್ವನ ಕೈಗುಣ

ವರದಾ ನದಿಯ ದಂಡೆಯ ಮೇಲೊಂದು ಆಶ್ರಮ. ಮಹಾಂತಮ್ಮ ಅಲ್ಲಿಯ ಗುರು. ಹಾಲವ್ವ ಅವರ ಶಿಷ್ಯೆ.

ಧ್ಯಾನ ಕಲಿಯಬೇಕೆಂದು ಬಂದ ಹಾಲವ್ವನಿಗೆ ಗುರು ಒಪ್ಪಿಸಿದ್ದು ಹಿತ್ತಲಿನ ಎರೆಹುಳುಗಳ ತೊಟ್ಟಿಯನ್ನು. ತರಕಾರಿ ಸಿಪ್ಪೆ, ಒಣಗಿದ ಎಲೆ, ಹಳೆಯ ಸಗಣಿ ಹಾಕಬೇಕು. ಮೇಲೆ ಹೊದಿಸಿದ ಗೋಣಿಚೀಲ ಒಣಗದಂತೆ ನೀರು ಚಿಮುಕಿಸಬೇಕು. ಹುಳುಗಳು ಅದೆಲ್ಲವನ್ನೂ ತಿಂದು ಗೊಬ್ಬರ ಮಾಡುತ್ತಿದ್ದವು.

ಹಾಲವ್ವ ಅವುಗಳನ್ನು ಬಹಳ ಹಚ್ಚಿಕೊಂಡಳು. "ಉಂಡಿರೇನ್ರವ್ವಾ?" ಎಂದು ಗೋಣಿ ಸರಿಸಿ ಮಾತಾಡಿಸುತ್ತಿದ್ದಳು.

ಒಂದು ಹಬ್ಬಕ್ಕೆ ಆಶ್ರಮದಲ್ಲಿ ದಾಸೋಹ ನಡೆಯಿತು. ಅನ್ನ ಬಹಳ ಉಳಿಯಿತು. ಇವಕ್ಕೂ ಹಬ್ಬವಾಗಲಿ ಎಂದು ಹಾಲವ್ವ ಅನ್ನ, ಸಾರು, ಪಾಯಸ ಎಲ್ಲವನ್ನೂ ತಂದು ತೊಟ್ಟಿಗೆ ಸುರಿದಳು.

ಮರುದಿನ ಸಂಜೆ ಗೋಣಿ ಎತ್ತಿದರೆ ಹುಳಿ ವಾಸನೆ. ಹುಳುಗಳು ಸತ್ತು ಬಿದ್ದಿದ್ದವು.

ಸುದ್ದಿ ತಿಳಿದು ಮಹಾಂತಮ್ಮ ಹೊರಗೆ ಬಂದರು. ಹಾಲವ್ವ ಬಟ್ಟೆಗಂಟು ಕಟ್ಟಿಕೊಂಡು ನಿಂತಿದ್ದಳು.

"ಎಲ್ಲಿಗೆ ಹೊರಟೆ?"

"ಗೊತ್ತಿಲ್ಲಮ್ಮ. ನಾನಿಲ್ಲಿ ಇರಬಾರದು. ನನ್ನ ಕೈಗುಣ ಸರಿಯಿಲ್ಲ."

"ಯಾರು ಹೇಳಿದ್ದು?"

"ಅತ್ತೆ ಹೇಳಿದರು. ಆಮೇಲೆ ಊರೇ ಹೇಳಿತು. ನನ್ನ ಮೊದಲ ಕೂಸು ಉಳಿಯಲಿಲ್ಲ. ಎರಡನೆಯದಾದರೂ ಉಳಿಯಲಿ ಅಂತ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪೇಶ ಅಂತ ಹೆಸರಿಟ್ಟೆವು. ಅವನೂ ಹೋದ. ನಾನು ಉಣಿಸಿದ್ದು ಯಾವುದೂ ಬದುಕುವುದಿಲ್ಲಮ್ಮ."

ಮಹಾಂತಮ್ಮ ಗಂಟನ್ನು ತೆಗೆದು ಕೆಳಗಿಟ್ಟರು. ಅವಳ ಕೈ ಹಿಡಿದು ತೊಟ್ಟಿಯ ಬಳಿಗೆ ಕರೆದೊಯ್ದು, ಆ ಕೈಯನ್ನು ಅನ್ನದ ರಾಶಿಯೊಳಗೆ ಇಳಿಸಿದರು.

ಹಾಲವ್ವ ಥಟ್ಟನೆ ಕೈ ಹಿಂದೆಗೆದಳು. "ಅಯ್ಯೋ, ಸುಡುತ್ತದೆ!"

"ಇದು ನಿನ್ನ ಕೈಯ ಬಿಸಿಯೋ, ಅನ್ನದ್ದೋ?"

"ಅನ್ನದ್ದು."

"ರಾಶಿ ಬಿದ್ದ ಅನ್ನ ಹುಳಿ ಬಂದು ಒಳಗೊಳಗೇ ಕಾಯುತ್ತದೆ. ಹುಳುಗಳು ಅದನ್ನು ತಾಳಲಾರವು. ನಿನಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ."

ಹಾಲವ್ವ ಕೈಗಂಟಿದ ಅನ್ನವನ್ನು ಗೋಣಿಗೆ ಒರೆಸಿಕೊಂಡಳು.

"ತಿಪ್ಪೇಶನಿಗೆ ಏನಾಗಿತ್ತು?"

"ಜ್ವರ. ಮೈಯೆಲ್ಲ ಹೀಗೇ ಕಾದು..."

ಊರಿನಲ್ಲಿ ಯಾರೂ ಅವಳನ್ನು ಅಳಲು ಬಿಟ್ಟಿರಲಿಲ್ಲ. ಈಗ ತೊಟ್ಟಿಯ ಅಂಚು ಹಿಡಿದು ಕುಸಿದು ಕೂತು ಅತ್ತಳು. ಮಹಾಂತಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತರು. ಸಮಾಧಾನ ಹೇಳಲಿಲ್ಲ. ಎದ್ದೂ ಹೋಗಲಿಲ್ಲ.

ಅಳು ನಿಂತ ಮೇಲೆ ಇಬ್ಬರೂ ಸೇರಿ ಕೆಟ್ಟ ಅನ್ನವನ್ನು ಬುಟ್ಟಿಗೆ ಬಾಚಿದರು. ತಳದ ಒಂದು ಮೂಲೆಯಲ್ಲಿ ಹಳೆಯ ಗೊಬ್ಬರ ಇನ್ನೂ ತಂಪಾಗಿತ್ತು. ಕೆದಕಿದರೆ, ಒಂದಕ್ಕೊಂದು ಸುತ್ತಿಕೊಂಡು ಕೆಲವು ಹುಳುಗಳು ಮಿಸುಕುತ್ತಿದ್ದವು.

ಮಹಾಂತಮ್ಮ ಅವನ್ನು ಮಣ್ಣಿನ ಸಮೇತ ಎತ್ತಿದರು. "ಕೈ ಚಾಚು."

"ಬೇಡಮ್ಮ."

"ಚಾಚು."

ಹಾಲವ್ವ ಅಂಗೈ ಚಾಚಿದಳು. ಒಂದು ಹುಳು ಅವಳ ಬೆರಳುಗಳ ಸಂದಿಗೆ ನುಸುಳಿ, ಅಲ್ಲೇ ಸುಮ್ಮನಾಯಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಹಳೆಯ ಸಗಣಿ, ಎಲೆ ಹಾಕಿ ಹೊಸ ಹಾಸು ಮಾಡಿದರು. ಹುಳುಗಳನ್ನು ಅದರ ಮೇಲೆ ಬಿಟ್ಟಾಗ ಒಂದೊಂದಾಗಿ ಒಳಗಿಳಿದವು.

ಮಹಾಂತಮ್ಮ ಒಂದು ಹಿಡಿ ಸೋರೆಕಾಯಿ ಸಿಪ್ಪೆಯನ್ನು ಶಿಷ್ಯೆಯ ಮುಂದೆ ಹಿಡಿದರು.

ಹಾಲವ್ವ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ನೀವೇ ಹಾಕಿರಮ್ಮ. ನಾನು ಹಾಕಿ, ಇವೂ ಸತ್ತರೆ?"

"ಸತ್ತರೆ ಇಬ್ಬರೂ ಕೂತು ಅಳೋಣ. ಈಗ ಅವಕ್ಕೆ ಹಸಿವಾಗಿದೆ."